ಕಮಲಾಪುರಕ್ಕೆ ಜಂಪರ್ ಬಂದ ವರ್ಷ

ಮೊಮ್ಮಗಳ ಮದುವೆಯ ಬಟ್ಟೆ ಹೊಲಿಸಲು ಸ್ಟೇಶನ್ ಬಜಾರಿನ ಒಂದು ಅಂಗಡಿಗೆ ಹೋಗಿದ್ದೆವು. ಮೆಟ್ಟಿಲು ಹತ್ತುವಾಗಲೇ ಮಷಿನ್ ಎಣ್ಣೆಯ ವಾಸನೆ, ಅದರ ಜೊತೆಗೆ ಗಂಜಿ ಬಿಡದ ಹೊಸ ಬಟ್ಟೆಯ ವಾಸನೆ ಮೂಗಿಗೆ ಬಂತು. ಒಳಗಿದ್ದ ಹುಡುಗಿ ಫೋನಿನಲ್ಲಿ ಯಾರ ಜೊತೆಯೋ ಜಗಳವಾಡುತ್ತಲೇ ಮೊಮ್ಮಗಳ ಮೈ ಅಳೆದಳು. ಎದೆ, ಸೊಂಟ, ತೋಳು, ಕೊರಳು. ಕೈ ಎತ್ತು ಅಂದಳು, ಇವಳು ಎತ್ತಿದಳು. ತಿರುಗು ಅಂದಳು, ತಿರುಗಿದಳು. ನೀನು ಯಾರ ಪೈಕಿ ಎಂದು ಅವಳು ಕೇಳಲಿಲ್ಲ, ಇವಳಿಗೂ ಅದು ಹೊಳೆಯಲಿಲ್ಲ. ಎಲ್ಲ ಮುಗಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ನನಗೆ ಮಾತ್ರ, ಇದೇ ಕೆಲಸ ಒಂದು ಊರಲ್ಲಿ ಒಂದು ವರ್ಷ ಹಿಡಿದದ್ದು ನೆನಪಾಯಿತು.

ಪೋಲೀಸ್ ಆಕ್ಷನ್ ಆಗಿ, ನಿಜಾಮರ ಆಳಿಕೆ ಮುಗಿದು ಮೂರ್ನಾಲ್ಕು ವರ್ಷ ಕಳೆದಿತ್ತು. ನಾವು ಗುಲಬರ್ಗಾದ ಗಾಜಿಪುರದವರು. ಅಪ್ಪನದು ಬಟ್ಟೆ ಅಂಗಡಿ. ಅಪ್ಪ ತೀರಿಕೊಂಡ ಮೇಲೆ ಶಹರದ ಪೈಪೋಟಿ ತನ್ನಿಂದಾಗದು ಎಂದು ಅಣ್ಣ ಅಂಗಡಿಯನ್ನು ಕಮಲಾಪುರಕ್ಕೆ ಸಾಗಿಸಿದ. ಹುಮನಾಬಾದ್ ದಾರಿಯ ಊರು, ಸುತ್ತ ಕೆಂಪು ಬಾಳೆಯ ತೋಟಗಳು, ಬಸ್ಸು ನಿಲ್ಲುವ ಜಾಗ, ವಾರದ ಸಂತೆ. ಅಣ್ಣನ ಹಿಂದೆ ಅವ್ವ ಮತ್ತು ನಾನು ಹೋದೆವು. ನನಗಾಗ ಹದಿನೆಂಟು. ಗಾಜಿಪುರದ ಶಾಲೆಯಲ್ಲಿ ಏಳನೆಯವರೆಗೆ ಉರ್ದುವಿನಲ್ಲಿ ಓದಿದ್ದೆ. ಈಗ ಕಚೇರಿ, ಶಾಲೆ ಎಲ್ಲ ಕಡೆ ಕನ್ನಡ ಬರುತ್ತಿತ್ತು, ನನ್ನ ಓದು ಯಾವ ಕೆಲಸಕ್ಕೂ ಬಾರದೆ ಮನೆಯಲ್ಲಿ ಕೂತಿತ್ತು. ಮದುವೆಯ ಮಾತು ನಡೆದಿತ್ತು. ನೋಡಲು ಬಂದ ಗಂಡಿನ ಕಡೆಯವರಿಗೆಲ್ಲ ನಾನು ಪ್ರಶ್ನೆ ಕೇಳುತ್ತಿದ್ದೆ ಎಂಬುದು ಅವ್ವನ ದೊಡ್ಡ ಚಿಂತೆ.

ಆಗ ನಮ್ಮ ಕಡೆ ಹೆಂಗಸರು ಖಣದ ಕುಬಸ ತೊಡುತ್ತಿದ್ದರು. ಎದೆಯ ಕೆಳಗೆ ಒಂದು ಗಂಟು. ಸಡಿಲ ಬಿಟ್ಟರೆ ಬಸುರಿಗೂ ಆಗುತ್ತಿತ್ತು, ಬಿಗಿ ಕಟ್ಟಿದರೆ ಅವಳ ತಂಗಿಗೂ ಆಗುತ್ತಿತ್ತು. ಅದಕ್ಕೆ ಅಳತೆ ಬೇಕಿರಲಿಲ್ಲ. ಊರ ಸಿಂಪಿಗ ಕಣ್ಣಂದಾಜಿನಲ್ಲಿ ಕತ್ತರಿಸಿ ಹೊಲಿದು ಕೊಡುತ್ತಿದ್ದ. ಆದರೆ ಶಹರದಲ್ಲಿ ಜಂಪರ್ ಬಂದಿತ್ತು. ಗುಂಡಿ ಹಾಕುವಂಥದ್ದು, ಮೈಗೆ ಅಂಟಿ ಕೂರುವಂಥದ್ದು, ತೋಳು ಮೊಣಕೈವರೆಗೆ ಬರುವಂಥದ್ದು. ಬಸ್ಸಿನಿಂದ ಇಳಿದ ಶಹರದ ಹೆಂಗಸರನ್ನು ಕಮಲಾಪುರದ ಹುಡುಗಿಯರು ಬಾಗಿಲ ಸಂದಿನಿಂದ ನೋಡುತ್ತಿದ್ದದ್ದು ಅವರ ಮುಖವನ್ನಲ್ಲ, ಜಂಪರಿನ ತೋಳನ್ನು.

ಅದೇ ಮಳೆಗಾಲದಲ್ಲಿ ಸರ್ಕಾರದವರು ಊರಲ್ಲಿ ಹೆಂಗಸರಿಗಾಗಿ ಒಂದು ಹೊಲಿಗೆ ವರ್ಗ ತೆರೆದರು. ಶಹರದಿಂದ ಒಬ್ಬ ಮರಾಠಿ ಬಾಯಿ ಬಂದು, ಒಂದು ವರ್ಷದ ತರಬೇತಿ, ಯಾರು ಬೇಕಾದರೂ ಬರಬಹುದು, ಜಾತಿಪಾತಿ ಇಲ್ಲ ಎಂದು ಹೇಳಿ, ಕಾಲಿನಿಂದ ತುಳಿಯುವ ನಾಲ್ಕು ಮಷಿನ್ ಇಳಿಸಿ ಹೋದಳು. ಕಲಿಸುವವರು ಖಾಲಾ. ಅವರ ಹೆಸರು ಮೆಹರುನ್ನಿಸಾ. ಹಿಂದೂ ಮುಸ್ಲಿಂ ಎನ್ನದೆ ಊರೆಲ್ಲ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿತ್ತು. ಗಂಡ ನಿಜಾಮರ ಸರ್ಕಾರದಲ್ಲಿ ಗುಮಾಸ್ತರಾಗಿದ್ದವರು. ಗದ್ದಲದ ದಿನಗಳಲ್ಲಿ ಒಂದು ನಸುಕಿನಲ್ಲಿ ಹೈದರಾಬಾದಿಗೆ ಹೋಗಿ ಬರುತ್ತೇನೆಂದು ಹೋದವರು ಬರಲಿಲ್ಲ. ಸತ್ತರೆಂದು ಕೆಲವರು, ಕರಾಚಿಗೆ ಹೋದರೆಂದು ಕೆಲವರು ಹೇಳುತ್ತಿದ್ದರು. ಮಕ್ಕಳಿಲ್ಲ. ಫರ್ಸಿ ಕಲ್ಲು ಹಾಸಿದ ಅಷ್ಟು ದೊಡ್ಡ ಮನೆಯಲ್ಲಿ ಖಾಲಾ ಒಬ್ಬರೇ. ಮನೆಯ ಮುಂದಿನ ದಿವಾನಖಾನೆಯೇ ನಮ್ಮ ವರ್ಗವಾಯಿತು. ಪರದೆಯ ಮನೆಯಾದ್ದರಿಂದ ಅದರ ಕಿಟಕಿಗಳು ಚಿಕ್ಕವು, ಎತ್ತರದಲ್ಲಿದ್ದವು. ಹಗಲಿನಲ್ಲೂ ಸೂಜಿಗೆ ದಾರ ಪೋಣಿಸಲು ಬಾಗಿಲ ಹತ್ತಿರ ಬರಬೇಕಿತ್ತು.

ಹತ್ತು ಹನ್ನೆರಡು ಜನ ಸೇರಿದೆವು. ಹೆಚ್ಚಿನವರು ನಮ್ಮಂಥ ಲಿಂಗಾಯತ ಮನೆಯವರು, ಕೆಲವು ಮುಸ್ಲಿಂ ಹುಡುಗಿಯರು. ಎಲ್ಲರೂ ಕೂತ ಮೇಲೆ ಬಾಗಿಲಲ್ಲಿ ಒಬ್ಬಳು ಬಂದು ನಿಂತಳು. ಇಪ್ಪತ್ತೆರಡು ಇಪ್ಪತ್ಮೂರರ ಹೆಂಗಸು, ಗಟ್ಟಿ ಮೈ, ಬೆರಳುಗಳ ಮೇಲೆ ಬಾಳೆಯ ಸೊನೆಯ ಕಪ್ಪು ಕಲೆ. ಚಂದ್ರವ್ವ. ಊರ ಹೊರಗಿನ ಹೊಲೆಯರ ಓಣಿಯವಳು. ಗಂಡ ಗುಲಬರ್ಗಾ ಸ್ಟೇಶನ್ನಿನಲ್ಲಿ ಹಮಾಲಿ ಮಾಡುತ್ತಿದ್ದ, ಇವಳು ಇಲ್ಲಿ ಸಾಹುಕಾರರ ಬಾಳೆ ತೋಟದಲ್ಲಿ ಗೊನೆ ಹೊರುತ್ತಿದ್ದಳು.

"ಜಾತಿ ಇಲ್ಲಂತ ಹೇಳಿ ಹೋಗ್ಯಾಳಲ್ರಿ ಆ ಬಾಯಿ. ಅದಕ್ಕ ಬಂದೀನಿ" ಅಂದಳು.

ಖಾಲಾ ಅವಳನ್ನು ನೋಡಿದರು, ನಮ್ಮನ್ನು ನೋಡಿದರು. "ಆವೋ ಬೇಟಿ, ಬೈಠೋ" ಅಂದರು.

ಚಂದ್ರವ್ವ ಒಳಗೆ ಬಂದು ಬಾಗಿಲ ಹತ್ತಿರ ಕೂತಳು. ಅವಳ ಸುತ್ತ ಒಂದು ಮಾರು ನೆಲ ತಾನಾಗಿ ಖಾಲಿಯಾಯಿತು. ಯಾರೂ ಎದ್ದು ಹೋಗಲಿಲ್ಲ, ಯಾರೂ ಏನೂ ಅನ್ನಲಿಲ್ಲ, ಸ್ವಲ್ಪ ಸ್ವಲ್ಪವೇ ಸರಿದರು ಅಷ್ಟೆ. ನನಗೆ ಅದು ಸೋಜಿಗವೆನಿಸಿತು. ಯಾರೂ ಹೇಳಿಕೊಡದೆ ಎಲ್ಲರ ಮೈಗೂ ಆ ದೂರ ಗೊತ್ತಿತ್ತು. ಮುಂದೆ ಗುಲಬರ್ಗಾದ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುವಾಗ ಇಂಥದ್ದಕ್ಕೆಲ್ಲ ದೊಡ್ಡ ದೊಡ್ಡ ಹೆಸರುಗಳಿವೆ ಎಂದು ತಿಳಿಯಿತು. ಆದರೆ ನಾನು ಅದನ್ನು ಮೊದಲು ಕಂಡದ್ದು ಆ ಫರ್ಸಿ ನೆಲದ ಮೇಲೆ.

ಎರಡನೆಯ ದಿನ ಅವಳನ್ನೇ ಕೇಳಿದೆ. "ಚಂದ್ರವ್ವ, ಇದನ್ನ ಯಾಕ ಕಲೀಬೇಕಂತ ಬಂದಿ?"

"ಗಂಡನ್ನ ನೋಡಾಕ ಶಹರಕ್ಕ ಹೋಗಿದ್ದೆ ಅಕ್ಕಾರ. ಬಜಾರದಾಗ ಒಬ್ಬಾಕಿ ಅಂಗಡಿ ಒಳಗ ಕುಂತು ಮಷಿನ್ ತುಳೀತಿದ್ಳು. ಹೊರಗ ಬಿಸಿಲು ಉರೀತಿತ್ತು, ಆಕಿ ನೆರಳಾಗ. ನಮ್ಮವ್ವ, ನಮ್ಮಾಯಿ, ಯಾರೂ ನೆರಳಾಗ ಕುಂತು ದುಡದಿಲ್ಲ. ಅದು ಹ್ಯಾಂಗಿರತದ ಅಂತ ನೋಡಬೇಕಾಗ್ಯಾದ."

ಖಾಲಾ ಮೊದಲು ನಮಗೆ ಅಳತೆ ಕಲಿಸಿದ್ದು ಗಡಿಗೆಯ ಮೇಲೆ. ಗಡಿಗೆಯ ಹೊಟ್ಟೆಗೆ ಟೇಪು ಸುತ್ತುವುದು, ಕೊರಳಿಗೆ ಸುತ್ತುವುದು, ಎಷ್ಟು ಇಂಚು ಎಂದು ಹೇಳುವುದು. ಕೆಲವು ದಿನ ಹೀಗೇ ನಡೆಯಿತು. ಕೊನೆಗೆ ಚಂದ್ರವ್ವ ಕೇಳಿಯೇಬಿಟ್ಟಳು. "ಖಾಲಾ, ಈ ಗಡಗಿಗೆ ಜಂಪರ್ ಹೊಲಿಯೋದದ ಏನ್ರಿ?"

ಮುಸ್ಲಿಂ ಹುಡುಗಿಯರು ನಕ್ಕರು, ನಾನೂ ನಕ್ಕೆ. ಖಾಲಾ ನಗಲಿಲ್ಲ. ಮಾರನೆಯ ದಿನ ಇಬ್ಬಿಬ್ಬರು ಜೊತೆಯಾಗಿ ಒಬ್ಬರನ್ನೊಬ್ಬರು ಅಳೆಯಬೇಕೆಂದು ಹೇಳಿದರು. ಅತ್ತಿಗೆ ನಾದಿನಿಯರು, ಗೆಳತಿಯರು ಪಟಪಟನೆ ಜೊತೆಯಾದರು. ಚಂದ್ರವ್ವ ಟೇಪನ್ನು ಕೊರಳಿಗೆ ಹಾಕಿಕೊಂಡು ನಿಂತೇ ಇದ್ದಳು. ನನ್ನ ಜೊತೆಗಾರ್ತಿ ಅಂದು ಬಂದಿರಲಿಲ್ಲ. ನಾನು ಹೋಗಿ ಅವಳ ಮುಂದೆ ನಿಂತೆ. ಧೈರ್ಯವೆಂದು ಹೇಳಿಕೊಳ್ಳಲಾರೆ. ಟೇಪು ಸುತ್ತಿದಾಗ ಮೈಗೆ ಹೇಗಾಗುತ್ತದೆ ಎಂದು ತಿಳಿಯುವ ಆಸೆ ಇತ್ತು.

ಎದೆಯ ಸುತ್ತಳತೆ ತೆಗೆಯುವವರು ಎದುರು ನಿಂತು ಎರಡೂ ಕೈ ಹಿಂದೆ ಹಾಯಿಸಿ ಟೇಪು ಮುಂದಕ್ಕೆ ತರಬೇಕು. ಆ ಒಂದು ಕ್ಷಣ ಅವಳ ಕೆನ್ನೆ ನನ್ನ ಭುಜದ ಹತ್ತಿರವಿತ್ತು. ಹುಣಸೆ ಹುಳಿ ತಿಕ್ಕಿ ತೊಳೆದ ಕೈಯ ವಾಸನೆ. ಬಾಳೆಯ ಸೊನೆ ಖಣಕ್ಕೆ ಹತ್ತಿದರೆ ಹೋಗುವುದಿಲ್ಲವೆಂದು ಅವಳು ವರ್ಗಕ್ಕೆ ಬರುವ ಮುಂಚೆ ಬೂದಿ, ಹುಣಸೆ ಹಾಕಿ ಕೈ ಉಜ್ಜಿಕೊಳ್ಳುತ್ತಿದ್ದಳು. ಉಳಿದವರು ತಮ್ಮ ಟೇಪು ಹಿಡಿದಲ್ಲೇ ನಮ್ಮ ಕಡೆ ತಿರುಗಿದ್ದರು.

ಸುದ್ದಿ ನನಗಿಂತ ಮುಂಚೆ ಮನೆ ಮುಟ್ಟಿತ್ತು. ಅವ್ವ ಬಾಗಿಲಿಗೆ ಅಡ್ಡ ನಿಂತಿದ್ದಳು. "ಒಳಗ ಕಾಲಿಡಬ್ಯಾಡ. ಹಿತ್ತಲಕ್ಕ ನಡಿ."

ತಲೆಯ ಮೇಲಿಂದ ನೀರು ಸುರಿಯುತ್ತಿದ್ದಾಗ ಕೇಳಿದೆ. "ಅವ್ವ, ಖಾಲಾನ ಕೈ ಹತ್ತಿದ್ರ ಕೈಕಾಲು ತೊಳಕೋ ಅಂತಿ. ಚಂದ್ರವ್ವನ ಕೈ ಹತ್ತಿದ್ರ ತಲಿಮ್ಯಾಲ ನೀರು ಹಾಕ್ತಿ. ಬಳಿಗಾರ ಬಾಬುಮಿಯಾ ಬಂದ್ರ ನೀನಽ ಕೈ ಚಾಚಿ ಕೂಡ್ತಿ, ಆವಾಗ ಏನೂ ಇಲ್ಲ. ಇದು ಹ್ಯಾಂಗ?"

"ಬಳಿ ಇಡೋದು ಮಂಗಳ ಕೆಲಸ. ಅದಕ್ಕ ನಡೀತದ."

"ಜಂಪರ್ ತೊಡೋದು ಅಮಂಗಳ ಏನು?"

"ನಿನ್ನ ಬಾಯಿಗೆ ಮಾತ್ರ ಯಾವ ಅಳತಿನೂ ಇಲ್ಲ ನೋಡು" ಎಂದು ಅವ್ವ ಇನ್ನೊಂದು ತಂಬಿಗೆ ಸುರಿದಳು.

ನಮ್ಮ ಅವ್ವ ಕೆಟ್ಟವಳಲ್ಲ. ದಿನಾ ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು, ಎಲ್ಲರೂ ಒಂದೇ ಎನ್ನುವ ಮಾತುಗಳನ್ನು ಕಣ್ಣು ಮುಚ್ಚಿ ಹೇಳುತ್ತಿದ್ದಳು. ಹಾಗೆ ಹೇಳುವಾಗ ಅವಳ ದನಿಯಲ್ಲಿ ಯಾವ ಸುಳ್ಳೂ ಇರುತ್ತಿರಲಿಲ್ಲ. ಆ ಮಾತುಗಳು ಇರುವ ಜಾಗ ಬೇರೆ, ಹಿತ್ತಲು ಬೇರೆ. ಎರಡರ ನಡುವೆ ಒಂದು ಬಾಗಿಲಿದೆ ಎಂದು ಅವಳಿಗೆ ಯಾರೂ ತೋರಿಸಿರಲಿಲ್ಲ. ನನಗೂ ಆಗಷ್ಟೇ ಕಾಣತೊಡಗಿತ್ತು. ಅಂದಿನಿಂದ ಯಾರ ಸ್ಪರ್ಶಕ್ಕೆ ಎಷ್ಟು ನೀರು ಎಂದು ಕಂಡಕಂಡವರನ್ನು ಕೇಳುತ್ತ ಹೋದೆ. ಒಂದು ಮನೆಯಲ್ಲಿ ಕೈ ತೊಳೆದರೆ ಸಾಕು ಅಂದದ್ದಕ್ಕೆ ಪಕ್ಕದ ಮನೆಯಲ್ಲಿ ಸ್ನಾನ ಬೇಕಿತ್ತು. ಹೆರಿಗೆಯ ಹೊತ್ತಿನಲ್ಲಿ ಯಾರ ಕೈಯೂ ಮೈಲಿಗೆ ಇಲ್ಲ ಎಂದರು. ಮೂರು ದಿನ ಕಳೆದ ಮೇಲೆ ಅದೇ ಕೈ ಮತ್ತೆ ಮೈಲಿಗೆ. ಎಲ್ಲರಿಗೂ ನಿಯಮ ಖಚಿತವಾಗಿ ಗೊತ್ತಿತ್ತು, ಆದರೆ ಇಬ್ಬರು ಹೇಳಿದ್ದು ಒಂದಾಗುತ್ತಿರಲಿಲ್ಲ.

ಒಂದು ವಾರದಲ್ಲಿ ವರ್ಗ ಅರ್ಧಕ್ಕಿಳಿಯಿತು. ಒಬ್ಬಳಿಗೆ ತಲೆನೋವು, ಒಬ್ಬಳಿಗೆ ಮನೆಗೆ ಬೀಗರು. ಒಬ್ಬಳು ಮಾತ್ರ ನೇರವಾಗಿ, "ಆಕಿ ಕೈಯಾಗಿನ ಕಪ್ಪು ಕಲಿ ನಮ್ಮ ಖಣಕ್ಕ ಹತ್ತತದ" ಎಂದು ಹೇಳಿ ಕಳಿಸಿದಳು. ಜನ ಕಡಿಮೆಯಾದರೆ ಮಷಿನ್ ವಾಪಸ್ ಒಯ್ಯುತ್ತೇನೆಂದು ಶಹರದ ಬಾಯಿ ಬಂದು ಎಚ್ಚರಿಸಿ ಹೋದಳು. ವರ್ಗ ಮುಚ್ಚಿದರೆ ಖಾಲಾ ಏನು ತಿನ್ನುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿದ್ದ, ಯಾರೂ ಆಡದ ಮಾತು.

ಆಮೇಲೆ ಒಂದು ಮಧ್ಯಾಹ್ನ ಬಾಳೆ ತೋಟದ ಸಾಹುಕಾರರು ಬಂದರು. ಅವರು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತರು, ಖಾಲಾ ಒಳಗೆ ಪರದೆಯ ಹಿಂದೆ ನಿಂತರು. ನಾನು ಒಳಗಿದ್ದೆ.

"ಬೀಬಿಯವರ, ನಾವು ಇರೋತನಕ ಈ ಊರಾಗ ನಿಮ್ಮನ್ನ ಯಾರೂ ಒಂದು ಮಾತೂ ಅನ್ನಂಗಿಲ್ಲ. ಆ ಗದ್ದಲದಾಗೂ ನಿಮ್ಮ ಮನಿ ಬಾಗಲಕ್ಕ ನಮ್ಮ ಆಳು ನಿಂದ್ರಿಸಿದ್ದೆ, ನೆನಪದ ಅಲ್ಲ?"

"ನೆನಪು ಐತ್ರಿ ಸಾಹುಕಾರ್ ಸಾಬ್. ನಿಮ್ಮ ಮೆಹರ್ಬಾನಿ."

"ಅದಕ್ಕಽ ಹೇಳಾಕ ಬಂದೀನಿ. ಊರಿನ ಮಾತೂ ನೀವು ಒಂಚೂರು ಕೇಳಬೇಕು. ಆಕಿನ್ನ ಕಲಿಸಬ್ಯಾಡ್ರಿ ಅಂತ ನಾ ಅನ್ನಂಗಿಲ್ಲ. ಸರ್ಕಾರದ್ದು ಅದ. ಹೊರಗ ಕಟ್ಟಿಮ್ಯಾಲ ಒಂದು ಮಷಿನ್ ಹಾಕ್ರಿ. ಆಕಿ ಅಲ್ಲಿ ಕುಂತು ಕಲೀಲಿ."

ಮಾತು ಎಷ್ಟು ಮೆತ್ತಗಿತ್ತೆಂದರೆ ಹೊರಗಿನಿಂದ ಕೇಳಿದವರು ಉಪಕಾರವೆಂದೇ ತಿಳಿಯಬೇಕು. ಒಳಗಿನಿಂದ ನನಗೆ ಖಾಲಾನ ಕೈ ಕಾಣುತ್ತಿತ್ತು. ಪರದೆಯ ಅಂಚನ್ನು ಮುಷ್ಟಿಯಲ್ಲಿ ಹಿಂಡಿ ಹಿಡಿದಿದ್ದರು. "ಅಚ್ಛಾ" ಎಂದಷ್ಟೇ ಅಂದರು.

ಚಂದ್ರವ್ವನಿಗೆ ಹೇಳಲು ಅವರಿಗೆ ಬಾಯಿ ಬರಲಿಲ್ಲ. ನನ್ನನ್ನು ಕಳಿಸಿದರು. ಬಾವಿಯ ದಾರಿಯಲ್ಲಿ ಸಿಕ್ಕಾಗ ಹೇಳಿದೆ. ಅವಳು ಕೊಡ ಕೆಳಗಿಳಿಸಿ ಕೇಳಿದಳು.

"ಆ ಕಟ್ಟಿಮ್ಯಾಲ ನೆರಳು ಅದ ಏನ್ರಿ?"

"ತಗಡು ಹಾಕ್ಯಾರ. ನೆರಳು ಅದ."

"ಹಂಗಾದ್ರ ಬರ್ತೀನಿ." ಎರಡು ಹೆಜ್ಜೆ ಹೋಗಿ ತಿರುಗಿದಳು. "ಆದ್ರ ಖಾಲಾಗ ಹೇಳ್ರಿ ಅಕ್ಕಾರ. ಇದನ್ನ ನಾ ಮರಿಯಂಗಿಲ್ಲ."

ಹೇಳಿದೆ. ಖಾಲಾ ತಲೆಯಾಡಿಸಿದರು.

ವರ್ಗ ಬಿಟ್ಟವರು ಒಬ್ಬೊಬ್ಬರಾಗಿ ಮರಳಿ ಬಂದರು. ಮುಂದೆ ಆದದ್ದನ್ನು ಮಾತ್ರ ಯಾರೂ ಎಣಿಸಿರಲಿಲ್ಲ. ಒಳಗೆ ಕತ್ತಲು, ಕಟ್ಟೆಯ ಮೇಲೆ ಬೆಳಕು. ನಾವು ಒಳಗೆ ಕಣ್ಣು ಕಿರಿದು ಮಾಡಿ ಹೊಲಿಗೆ ತಪ್ಪಿ ಬಿಚ್ಚುತ್ತಿದ್ದಾಗ ಅವಳು ಹೊರಗೆ ಸರಸರ ಹೊಲಿಯುತ್ತಿದ್ದಳು. ಕಟ್ಟೆ ಇದ್ದದ್ದು ಬಸ್ಸಿಗೆ ಹೋಗುವ ದಾರಿಯ ಮೇಲೆ. ಸಂತೆಯ ದಿನ ಹೋಗಿಬರುವವರೆಲ್ಲ ನಿಂತು ನೋಡುತ್ತಿದ್ದರು. ಹೆಣ್ಣೊಬ್ಬಳು ಮಷಿನ್ ತುಳಿಯುವುದೇ ಆ ಊರಿಗೆ ಹೊಸದು. ಮೊದಲು ಅವಳ ಓಣಿಯ ಹುಡುಗಿಯರು ಬಂದರು, ಆಮೇಲೆ ತೋಟದಲ್ಲಿ ಕೆಲಸ ಮಾಡುವ ಹೆಂಗಸರು. ಸುಗ್ಗಿ ಬರುವ ಹೊತ್ತಿಗೆ ಕಮಲಾಪುರದಲ್ಲಿ ಮೊದಲು ಜಂಪರ್ ತೊಟ್ಟವರು ಹೊಲೆಯರ ಓಣಿಯವರಾಗಿದ್ದರು. ಹೊಸ ಬಟ್ಟೆ ಯಾವಾಗಲೂ ದೊಡ್ಡ ಮನೆಗಳಿಂದ ಕೆಳಗಿಳಿದು ಬರುವುದು ವಾಡಿಕೆ. ಈ ಸಲ ತಿರುವುಮುರುವಾಗಿತ್ತು. ಸಾಹುಕಾರರ ಆಳುಮಕ್ಕಳು ಜಂಪರ್ ತೊಟ್ಟು ಗೊನೆ ಹೊರುತ್ತಿದ್ದರು, ಅವರ ಮನೆಯ ಹೆಣ್ಣುಮಕ್ಕಳು ಗಂಟಿನ ಕುಬಸ ತೊಟ್ಟು ಕಿಟಕಿಯಿಂದ ನೋಡುತ್ತಿದ್ದರು. ಅಣ್ಣ ಮಾತ್ರ ಸಂತೋಷದಲ್ಲಿದ್ದ. ಅಂಗಡಿಯಲ್ಲಿ ಜಂಪರಿನ ತೆಳು ವಾಯಿಲ್ ಬಟ್ಟೆ ನಿಲ್ಲುತ್ತಿರಲಿಲ್ಲ.

ಮೇಲಿನ ಓಣಿಯವರೂ ಮೆಲ್ಲಗೆ ಬರತೊಡಗಿದರು. ಆದರೆ ಬರುತ್ತಿದ್ದದ್ದು ಅವರಲ್ಲ, ಅವರ ಹಳೆಯ ಕುಬಸ. ಆಳಿನ ಕೈಲಿ ಕಳಿಸಿ, ಇದರ ಅಳತೆಗೆ ಹೊಲಿ ಎನ್ನುವುದು. ಚಂದ್ರವ್ವ ಆ ಕುಬಸವನ್ನು ಎತ್ತಿ ನೋಡಿ ಮಡಚಿ ವಾಪಸ್ ಕೊಡುತ್ತಿದ್ದಳು.

"ಕುಬಸ ಕೊಟ್ರ ಕುಬಸಕ್ಕ ಹೊಲಿತೀನಿ. ಮೈ ಕೊಟ್ರ ಮೈಗೆ ಹೊಲಿತೀನಿ. ಗಂಟಿನ ಕುಬಸದಾಗ ಅಳತಿ ಎಲ್ಲಿ ಅದ?"

ಸೊಕ್ಕು ಅಂದರು ಜನ. ಅದು ಸೊಕ್ಕೋ ನಿಜವೋ ಎಂದು ನೋಡಲು ನಾನೇ ಅವ್ವನ ಹಳೆಯ ಕುಬಸ ಇಟ್ಟು ಒಂದು ಜಂಪರ್ ಕತ್ತರಿಸಿದೆ. ಗುಂಡಿ ಹಾಕಲು ಬರಲಿಲ್ಲ.

ಆ ಬೇಸಿಗೆಯಲ್ಲಿ ಸಾಹುಕಾರರ ಮಗಳು ಶರಣಮ್ಮನ ಮದುವೆ ನಿಶ್ಚಯವಾಯಿತು. ಗಂಡು ಶಹರದವನು, ವಕೀಲಿ ಓದುತ್ತಿದ್ದವನು. ಗಂಟಿನ ಕುಬಸದಲ್ಲಿ ಶಹರದ ಮನೆಗೆ ಕಾಲಿಡುವುದಿಲ್ಲವೆಂದು ಶರಣಮ್ಮ ಹಟ ಹಿಡಿದಳು. ಗುಲಬರ್ಗಾಕ್ಕೆ ಹೋಗಿ ಹೊಲಿಸಬಹುದಿತ್ತು, ಆದರೆ ಅಲ್ಲಿ ಅಳತೆ ತೆಗೆಯುವವರು ಗಂಡಸರು. ಇಲ್ಲಿ ಖಾಲಾ ಕಲಿಸುತ್ತಿದ್ದರೇ ಹೊರತು ಹೊರಗಿನವರಿಗೆ ಹೊಲಿದು ಕೊಡುತ್ತಿರಲಿಲ್ಲ. ಮನೆಯಲ್ಲಿ ಎರಡು ದಿನ ಚರ್ಚೆ ನಡೆದು ಕಡೆಗೆ ಶರಣಮ್ಮನ ಅಜ್ಜಿ ಒಂದು ದಾರಿ ಹುಡುಕಿದಳು. ಸಾಹುಕಾರರ ತಾಯಿ ಅವಳು, ಎಲ್ಲರೂ ದೊಡ್ಡಾಯಿ ಎನ್ನುತ್ತಿದ್ದರು. ಟೇಪು ಹಿಡಿಯುವವಳು ನಾನು, ಅಂಗಡಿಯವರ ಮಗಳು. ಚಂದ್ರವ್ವ ದೂರ ನಿಂತು ಎಲ್ಲಿ ಹಿಡಿಯಬೇಕೆಂದು ಹೇಳುವುದು.

ನನಗೆ ಕೂಡಲೇ ಪ್ರಶ್ನೆ ಹುಟ್ಟಿತು. "ದೊಡ್ಡಾಯಿ, ಟೇಪು ಆಕೀದು. ಅದು ಮುಟ್ಟಿದ್ರ ಮೈಲಿಗಿ ಆಗಂಗಿಲ್ಲೇನ್ರಿ?"

ದೊಡ್ಡಾಯಿ ಟೇಪನ್ನು ದೂರದಿಂದಲೇ ಬಗ್ಗಿ ನೋಡಿದಳು. "ಅದು ಅರಿವಿ ಏನು?"

"ಮೇಣ ಹಚ್ಚಿದ ಅರಿವಿರಿ."

"ಮೇಣ ಇದ್ರ ನಡೀತದ. ರೇಷ್ಮಿ ಇದ್ದಂಗ, ಮೈಲಿಗಿ ಹತ್ತಂಗಿಲ್ಲ."

ದಿವಾನಖಾನೆಯಲ್ಲಿ ನಾನು ಶರಣಮ್ಮನ ಮೈ ಅಳೆದೆ. ಅವಳು ನಾಚಿ ಉಸಿರು ಬಿಗಿ ಹಿಡಿದಳು, ನಾನು ನಾಚಿ ಟೇಪು ಸಡಿಲ ಹಿಡಿದೆ. ಬಾಗಿಲಲ್ಲಿ ನಿಂತ ಚಂದ್ರವ್ವ "ಬಿಗಿ ಹಿಡೀರಿ ಅಕ್ಕಾರ, ಕಂಕುಳದಾಗ ಹಾಯಿಸ್ರಿ" ಎಂದು ಹೇಳುತ್ತಲೇ ಇದ್ದಳು. ನಾನು ಹೇಳಿದ ಅಂಕಿಗಳ ಮೇಲೆ ಅವಳು ರೇಷ್ಮೆ ಖಣ ಕತ್ತರಿಸಿದಳು. ಬೆನ್ನಿನ ಅಗಲ ತೆಗೆಯುವಾಗ ಶರಣಮ್ಮ ಭುಜ ಕುಗ್ಗಿಸಿ ನಿಂತಿದ್ದಳೆಂದು ಆಮೇಲೆ ಗೊತ್ತಾಯಿತು. ಮದುವೆ ಹತ್ತಿರ ಬಂದಾಗ ತೊಟ್ಟು ನೋಡಲು ಅಜ್ಜಿಯ ಜೊತೆ ಮತ್ತೆ ಬಂದಳು. ಜಂಪರಿನ ಮುಂಭಾಗ ಗುಳ್ಳೆಯಂತೆ ಉಬ್ಬಿ ನಿಂತಿತ್ತು. ಕೈ ಮೇಲೆತ್ತಿದಳು ನೋಡಿ, ಕಂಕುಳಲ್ಲಿ ಚರ್ರೆಂದು ಹರಿಯಿತು.

ಶರಣಮ್ಮ ಅಳಲು ಶುರು ಮಾಡಿದಳು. ದೊಡ್ಡಾಯಿ ಚಂದ್ರವ್ವನ ಮೇಲೆ ಹರಿಹಾಯ್ದಳು. ಚಂದ್ರವ್ವ ಬಾಗಿಲಲ್ಲೇ ನಿಂತು, "ನಾ ಎಲ್ಲಿ ಅಳದೀನ್ರಿ ಆಯಿ? ನಾ ಅಳತಿ ತಗೊಂಡಿದ್ರ ನನಗ ಬೈರಿ" ಅಂದಳು. ಅರಿವೆ ಇನ್ನೂ ಉಳಿದಿತ್ತು, ಇನ್ನೊಂದು ಜಂಪರ್ ಆಗುವಷ್ಟು. ಆದರೆ ಅದನ್ನೂ ಕೆಡಿಸಿದರೆ ಮುಗಿಯಿತು.

ಶರಣಮ್ಮ ಕಣ್ಣೊರೆಸಿಕೊಂಡಳು. ಹರಿದ ಜಂಪರಿನ ಮೇಲೆ ಸೆರಗು ಹೊದ್ದುಕೊಂಡೇ ಬಾಗಿಲ ಹತ್ತಿರ ನಡೆದು ಎರಡೂ ಕೈ ಎತ್ತಿ ನಿಂತಳು. "ನೀನಽ ಅಳಿ ಚಂದ್ರವ್ವ. ಲಗೂನ ಅಳಿ."

ಚಂದ್ರವ್ವ ಅಲುಗಲಿಲ್ಲ. ಅವಳು ನೋಡುತ್ತಿದ್ದದ್ದು ದೊಡ್ಡಾಯಿಯನ್ನು. ನಾವೆಲ್ಲ ನೋಡುತ್ತಿದ್ದದ್ದೂ ದೊಡ್ಡಾಯಿಯನ್ನೇ. ಕೂಗಾಡುತ್ತಾಳೆಂದು ಕಾದೆ. ಮುದುಕಿ ಮೊಮ್ಮಗಳ ಮುಖ ನೋಡಿದಳು, ಕೋಲು ಊರಿ ಎದ್ದಳು, ಗೋಡೆಯ ಕಡೆ ತಿರುಗಿ ಕೂತಳು.

"ನನಗ ಈ ಕತ್ತಲಾಗ ಏನೂ ಕಾಣಂಗಿಲ್ಲವಾ" ಅಂದಳು.

ಟೇಪು ಶರಣಮ್ಮನ ಸುತ್ತ ಹಾಯಿತು. ಚಂದ್ರವ್ವ ಅವಸರ ಮಾಡಲಿಲ್ಲ. ಭುಜ ಬಿಡು ಅಂದಳು, ಉಸಿರು ಬಿಡು ಅಂದಳು. ದೊಡ್ಡಾಯಿ ಗೋಡೆ ನೋಡುತ್ತಲೇ ಕೂತಿದ್ದಳು. ಆಮೇಲಿನ ವರ್ಷಗಳಲ್ಲಿ ಕಟ್ಟುಪಾಡುಗಳು ಹೇಗೆ ಬದಲಾಗುತ್ತವೆ ಎಂದು ತರಗತಿಯಲ್ಲಿ ಪಾಠ ಮಾಡುವಾಗ ಕಾನೂನು, ಚಳವಳಿ, ಶಿಕ್ಷಣ ಎಲ್ಲ ಹೇಳಿದ್ದೇನೆ. ಎಲ್ಲವೂ ನಿಜ. ಆದರೆ ಪ್ರತಿ ಸಲವೂ ನನಗೆ ಕಾಣುತ್ತಿದ್ದದ್ದು ಆ ಮುದುಕಿಯ ಬೆನ್ನು. ಮುರಿಯಲು ಒಪ್ಪದೆ, ತಡೆಯಲೂ ಮನಸ್ಸಾಗದೆ, ಮುಖ ತಿರುಗಿಸಿ ಕೂತ ಬೆನ್ನು.

ಮದುವೆಗೆ ಶರಣಮ್ಮ ಆ ಅಳತೆಗೆ ಹೊಲಿದ ಎರಡನೆಯ ಜಂಪರ್ ತೊಟ್ಟಳು. ಚೆನ್ನಾಗಿ ಕೂತಿತ್ತು. ಹಂದರದಲ್ಲಿ ಊರ ಹೆಂಗಸರೆಲ್ಲ ತೋಳು ಮುಟ್ಟಿ ಮುಟ್ಟಿ ನೋಡಿದರು. ಚಂದ್ರವ್ವನಿಗೆ ಊಟ ಹಿಂದಿನ ಬಾಗಿಲಲ್ಲಿ ಕೊಟ್ಟರು. ಅವಳು ಊಟ ಬೇಡವೆಂದು, ತೋಳು ಹೇಗೆ ಕೂತಿದೆ ಎಂದು ಬೇಲಿಯ ಆಚೆಯಿಂದ ನೋಡಿ ಹೋದಳಂತೆ. ಆಮೇಲೆ ಮೇಲಿನ ಓಣಿಯಿಂದ ಹಳೆಯ ಕುಬಸ ಬರುವುದು ನಿಂತಿತು. ಹೆಂಗಸರೇ ಬರತೊಡಗಿದರು. ಅಳತೆ ಕೊಡುತ್ತಿದ್ದರು, ಮನೆಗೆ ಹೋಗಿ ಸ್ನಾನ ಮಾಡುತ್ತಿದ್ದರು. ಆ ಬೇಸಿಗೆಯಲ್ಲಿ ಬಾವಿಗಳು ತಳ ಕಂಡವು. ಸ್ನಾನ ಕೈಕಾಲು ತೊಳೆಯುವುದಕ್ಕೆ ಇಳಿಯಿತು, ಅದೂ ತಲೆಯ ಮೇಲೆ ನಾಲ್ಕು ಹನಿ ಚಿಮುಕಿಸುವುದಕ್ಕೆ ಇಳಿಯಿತು. ನಮ್ಮ ಅವ್ವ ನನ್ನನ್ನು ಯಾವಾಗ ಹಿತ್ತಲಿಗೆ ಕಳಿಸುವುದು ಬಿಟ್ಟಳೋ ನನಗೆ ಸರಿಯಾಗಿ ನೆನಪಿಲ್ಲ. ಅವಳಿಗೂ ನೆನಪಿದ್ದಿರಲಾರದು.

ಮುಂದಿನ ಮಳೆಗಾಲಕ್ಕೆ ವರ್ಗ ಮುಗಿಯಿತು. ಸರ್ಕಾರದವರು ಬಂಡಿ ತಂದು ಮಷಿನ್‌ಗಳನ್ನು ಒಯ್ದರು. ಚಂದ್ರವ್ವ ಗಂಡನ ಹತ್ತಿರ ಗುಲಬರ್ಗಾಕ್ಕೆ ಹೊರಡುವುದೆಂದಾಯಿತು. ಅಲ್ಲಿ ಬಾಡಿಗೆಯ ಮಷಿನ್ ಹಿಡಿದು ಬಜಾರಿನ ಒಂದು ಅಂಗಡಿಯ ಮುಂದೆ ಕೂತಳು, ಬಹಳ ವರ್ಷ ಕೂತಳು. ನಾನೂ ಮದುವೆಯಾಗಿ ಶಹರ ಸೇರಿದೆ. ಗಂಡ ಶಾಲಾ ಮಾಸ್ತರ, ನನ್ನ ಪ್ರಶ್ನೆಗಳಿಗೆ ಹೆದರದವನು, ಮುಂದಕ್ಕೆ ಓದಿಸಿದ. ಖಾಲಾ ಹೈದರಾಬಾದಿನಲ್ಲಿದ್ದ ತಮ್ಮನ ಮನೆಗೆ ಹೋಗುವುದೆಂದು ನಿರ್ಧಾರ ಮಾಡಿದರು.

ನಾವು ಮೂವರೂ ಊರು ಬಿಡುವ ಮುಂಚೆ ಒಂದು ಮಧ್ಯಾಹ್ನ ಖಾಲಾ ನನ್ನನ್ನು ಕರೆದು, ಚಂದ್ರವ್ವನನ್ನು ಕರೆದುಕೊಂಡು ಬಾ ಅಂದರು. ಹೊರಗೆ ಜಿನುಗು ಮಳೆ. ಇಬ್ಬರೂ ಹೋದೆವು. ದಿವಾನಖಾನೆ ಖಾಲಿ, ಮಷಿನ್ ಇದ್ದ ಜಾಗದಲ್ಲಿ ಫರ್ಸಿಯ ಮೇಲೆ ಎಣ್ಣೆಯ ಕಲೆ. ಚಂದ್ರವ್ವ ಅಭ್ಯಾಸದಂತೆ ಕಟ್ಟೆಯ ಮೇಲೇ ನಿಂತಳು.

ಖಾಲಾ ಪರದೆ ಸರಿಸಿ ಹೊರಬಾಗಿಲವರೆಗೆ ಬಂದರು. ದಾರಿಯಲ್ಲಿ ಜನ ಓಡಾಡುತ್ತಿದ್ದರು. ಅವರು ಅದುವರೆಗೆ ಹಗಲಲ್ಲಿ ಹಾಗೆ ಬಾಗಿಲಿಗೆ ಬಂದದ್ದನ್ನು ನಾನು ಕಂಡಿರಲಿಲ್ಲ.

"ಒಳಗ ಬಾ ಬೇಟಿ. ನನಗೊಂದು ಕುರ್ತಾ ಹೊಲೀಬೇಕು. ಊರು ಬಿಟ್ಟು ಹೋಗಾಕತ್ತೀನಿ, ಹಳೇದು ಹಾಕ್ಕೊಂಡು ಹ್ಯಾಂಗ ಹೋಗ್ಲಿ?"

"ನಿಮ್ಮ ಕುರ್ತಾ ನೀವಽ ಹೊಲ್ಕೋತೀರಿ ಅಲ್ರಿ ಖಾಲಾ. ನಾ ಯಾಕ?"

"ನೀ ಮರಿಯಂಗಿಲ್ಲ ಅಂದಿದ್ದಿ. ಮರಿಬ್ಯಾಡ. ನಾ ಅಂಜಿದ್ದೆ, ಅದಕ್ಕ ನಿನ್ನ ಹೊರಗ ಕೂಡಿಸಿದೆ. ಈಗ ಒಳಗ ಬಾ ಅಂತೀನಿ. ಬರ್ತಿಯೋ ಇಲ್ಲೋ, ನಿನ್ನ ಖುಷಿ."

ಚಂದ್ರವ್ವ ಸೆರಗಿನ ಮಳೆ ನೀರು ಹಿಂಡಿದಳು. ಆಮೇಲೆ ಕಾಲು ಒರೆಸಿಕೊಂಡು ಒಳಗೆ ಬಂದಳು. ಕೊರಳಿಂದ ಟೇಪು ತೆಗೆದಳು. ಭುಜ ಅಳೆದಳು, ತೋಳು ಅಳೆದಳು. ಎದೆಯ ಸುತ್ತಳತೆಗೆ ಎದುರು ನಿಂತು ಎರಡೂ ಕೈ ಖಾಲಾನ ಬೆನ್ನ ಹಿಂದೆ ಹಾಯಿಸಿದಳು.

ಖಾಲಾ ಒಮ್ಮೆಲೇ ಅವಳ ಭುಜದ ಮೇಲೆ ತಲೆ ಇಟ್ಟುಬಿಟ್ಟರು. ಅಳುವಿನ ಸದ್ದು ಬರಲಿಲ್ಲ, ಬೆನ್ನು ಮಾತ್ರ ಅಲುಗುತ್ತಿತ್ತು. ಚಂದ್ರವ್ವ ಎರಡೂ ಕೈಯಲ್ಲಿ ಟೇಪಿನ ತುದಿ ಹಿಡಿದು ಹಾಗೇ ನಿಂತಳು.

"ಅವರು ಹೋದ ದಿನದಿಂದ ಯಾರೂ ನನ್ನ ಸುತ್ತ ಕೈ ಹಾಕಿಲ್ಲ ಬೇಟಿ" ಅಂದರು ಖಾಲಾ.

ವರ್ಷವಿಡೀ ಊರೆಲ್ಲ ಸುತ್ತಿ ಯಾರು ಯಾರನ್ನು ಮುಟ್ಟಬಹುದು ಎಂದು ಕೇಳಿದ್ದೆ. ಇವರನ್ನು ಯಾರು ಮುಟ್ಟುತ್ತಾರೆ ಎಂದು ಕೇಳುವುದು ನನಗೆ ಹೊಳೆದೇ ಇರಲಿಲ್ಲ. ಖಾಲಾ ತಲೆಯೆತ್ತಿ, ನಾಚಿಕೆಯಾದವರಂತೆ ದುಪ್ಪಟ್ಟಾದಿಂದ ಮುಖ ಒರೆಸಿಕೊಂಡು, "ಎಷ್ಟು ಬಂತು?" ಎಂದು ಕೇಳಿದರು.

ಚಂದ್ರವ್ವ ಟೇಪನ್ನು ನೋಡಲೇ ಇಲ್ಲ.

"ತಪ್ಪಿತ್ರಿ ಖಾಲಾ" ಅಂದಳು. "ಸರಿಯಾಗಿ ಹಿಡೀಲಿಲ್ಲ. ಇನ್ನೊಮ್ಮಿ ಅಳಿತೀನಿ, ನಿಂದರ್ರಿ."

ಮತ್ತೆ ಎರಡೂ ಕೈ ಅವರ ಸುತ್ತ ಹಾಯಿಸಿದಳು.